ಕೈ ಪಳಗಿಸುವ ಮಿಂಚು

ಕನ್ನಡದಲ್ಲಿ 'ಕೈ ಪಳಗುವುದು' ಎಂಬ ಮಾತಿದೆ. ಕಾಡಾನೆಯನ್ನು ಪಳಗಿಸುವ ಹಾಗೆ ಕೈಯನ್ನೂ ಪಳಗಿಸಬೇಕೆಂದು ಈ ಮಾತನ್ನು ಮೊದಲು ಆಡಿದವರು ಯಾರೋ ಚೆನ್ನಾಗಿ ಕಂಡುಕೊಂಡಿದ್ದರು. ವೀಣೆಯ ತಂತಿಯ ಮೇಲೆ ಬೆರಳು ತಾನಾಗಿ ಓಡಬೇಕಾದರೆ, ಅಂಗಳದ ರಂಗೋಲಿಯ ಎಳೆ ಕಡಿಯದೆ ಬೀಳಬೇಕಾದರೆ, ಕುಂಬಾರನ ತಿಗರಿಯ ಮೇಲೆ ಮಣ್ಣಿನ ಮುದ್ದೆ ಗಡಿಗೆಯಾಗಿ ಏಳಬೇಕಾದರೆ ವರ್ಷಗಟ್ಟಲೆಯ ಸಾಧನೆ ಬೇಕು. 'ಹಾಡುತ್ತ ಹಾಡುತ್ತ ರಾಗ' ಎಂಬ ಗಾದೆಯೂ ಇದನ್ನೇ ಹೇಳುತ್ತದೆ. ಈ ಸಾಧನೆಯ ಕಾಲವನ್ನು, ತಲೆಗೆ ಕಟ್ಟಿದ ಎರಡು ಒದ್ದೆ ಸ್ಪಂಜುಗಳಿಂದಲೂ ಒಂದು ಸಣ್ಣ ಬ್ಯಾಟರಿಯಿಂದಲೂ ಮೊಟಕು ಮಾಡಬಹುದೆಂದು ಯಾರಾದರೂ ಹೇಳಿದರೆ ನಮಗೆ ನಗು ಬಂದೀತು. ಆದರೆ ಕಳೆದ ಕಾಲು ಶತಮಾನದಿಂದ ಹೆಸರಾಂತ ವಿಶ್ವವಿದ್ಯಾನಿಲಯಗಳ ವಿದ್ವಾಂಸರು ಈ ಮಾತನ್ನು ನಗೆಯಾಡದೆ ಪರೀಕ್ಷಿಸುತ್ತ ಬಂದಿದ್ದಾರೆ. ಕನ್ನಡ ಪಾಠ ಹೇಳುವವನಿಗೆ ಮಿದುಳಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ಅಕ್ಷರವನ್ನು ತಿದ್ದಿಸುವುದೂ ಕೈ ಪಳಗಿಸುವ ಕೆಲಸವೇ ಅಲ್ಲವೆ? ಅಷ್ಟು ಸಂಬಂಧ ಸಾಕು.

ಈ ಚರಿತ್ರೆ ಒಂದು ಮೀನಿನಿಂದ ಮೊದಲಾಗುತ್ತದೆ. ರೋಮಿನ ಚಕ್ರವರ್ತಿ ಕ್ಲಾಡಿಯಸ್ಸನ ಕಾಲದಲ್ಲಿ ಸ್ಕ್ರಿಬೋನಿಯಸ್ ಲಾರ್ಗಸ್ ಎಂಬ ವೈದ್ಯನಿದ್ದ. ಕ್ರಿ.ಶ. ೪೭ರ ಸುಮಾರಿಗೆ ಅವನು ಬರೆದ ಔಷಧಗ್ರಂಥದಲ್ಲಿ ಹಳೆಯ ತಲೆನೋವಿಗೆ ಒಂದು ಚಿಕಿತ್ಸೆಯಿದೆ: ಮೆಡಿಟರೇನಿಯನ್ ಸಮುದ್ರದಲ್ಲಿ ಸಿಕ್ಕುವ ಕಪ್ಪು ಟಾರ್ಪೆಡೋ ಮೀನನ್ನು ಜೀವಸಹಿತ ತಂದು, ನೋವಿರುವ ಜಾಗದ ಮೇಲೆ ಇಟ್ಟು, ಅಲ್ಲಿ ಮರವು ಕಟ್ಟುವವರೆಗೆ ಬಿಡುವುದು. ಗೌಟು ಹಿಡಿದವರು ಸಮುದ್ರದ ದಂಡೆಯ ಒದ್ದೆ ಮರಳಿನಲ್ಲಿ ಅದೇ ಮೀನನ್ನು ಕಾಲಡಿಯಿಟ್ಟುಕೊಂಡು, ಪಾದದಿಂದ ಮೊಣಕಾಲಿನವರೆಗೆ ಜೋಮು ಹಿಡಿಯುವ ತನಕ ನಿಲ್ಲಬೇಕು. ತಿಬೇರಿಯಸ್ ಚಕ್ರವರ್ತಿಯಿಂದ ಬಿಡುಗಡೆ ಪಡೆದ ದಾಸ ಆಂತೆರೋಸ್ ಹೀಗೆ ಗುಣ ಹೊಂದಿದನೆಂದು ಲಾರ್ಗಸ್ ಹೇಳುತ್ತಾನೆ. ಲ್ಯಾಟಿನಿನಲ್ಲಿ ಟಾರ್ಪೆಡೋ ಎಂದರೆ ಮರಗಟ್ಟುವಿಕೆ ಎಂದೇ ಅರ್ಥ. ಹಡಗನ್ನು ಒಡೆಯುವ ಅಸ್ತ್ರಕ್ಕೆ ಆ ಹೆಸರು ಬಂದುದು ಬಹು ಕಾಲದ ಮೇಲೆ, ಈ ಬಡಪಾಯಿ ಮೀನಿನಿಂದಲೇ. ವಿದ್ಯುತ್ತೆಂಬ ಮಾತೇ ಇಲ್ಲದ ಕಾಲದಲ್ಲಿ, ವಿದ್ಯುತ್ತೆಂದು ಅರಿಯದೆಯೆ, ಮನುಷ್ಯನು ತನ್ನ ತಲೆಗೆ ಅದನ್ನು ಹಾಯಿಸಿಕೊಂಡ ಬಗೆ ಇದು.

ಆಮೇಲೆ ಹದಿನೇಳು ಶತಮಾನಗಳನ್ನು ಒಂದೇ ನೆಗೆತಕ್ಕೆ ದಾಟಬಹುದು. ಇಟಲಿಯ ಬೊಲೋನ್ಯ ಪಟ್ಟಣದಲ್ಲಿ ಲೂಯಿಜಿ ಗಾಲ್ವಾನಿ ಎಂಬ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕ ಸತ್ತ ಕಪ್ಪೆಗಳ ಕಾಲುಗಳನ್ನು ವಿದ್ಯುತ್ತಿನಿಂದ ಕುಣಿಸಿದ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ೧೭೯೧ರಲ್ಲಿ ಪ್ರಕಟವಾದ ಅವನ ಪ್ರಬಂಧದ ತಾತ್ಪರ್ಯ, ಪ್ರಾಣಿಗಳ ದೇಹದಲ್ಲಿ ತಾನಾಗಿ ಹುಟ್ಟುವ ವಿದ್ಯುತ್ತೊಂದಿದೆ ಎಂಬುದು. ಪಾವಿಯದ ಅಲೆಸ್ಸಾಂದ್ರೊ ವೋಲ್ಟ ಇದನ್ನು ಒಪ್ಪಲಿಲ್ಲ. ಎರಡು ಬೇರೆ ಬೇರೆ ಲೋಹಗಳ ಸಂಪರ್ಕದಿಂದ ವಿದ್ಯುತ್ತು ಹುಟ್ಟುತ್ತದೆ, ಕಪ್ಪೆ ಅದನ್ನು ತೋರಿಸುವ ಸಾಧನ ಮಾತ್ರ ಎಂದು ವಾದಿಸಿದ. ಆ ವಾದವನ್ನು ಸ್ಥಾಪಿಸಹೊರಟು ೧೮೦೦ರಲ್ಲಿ ಲೋಹದ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿದ ತನ್ನ ಪ್ರಸಿದ್ಧ ಬ್ಯಾಟರಿಯನ್ನು ಪ್ರಕಟಿಸಿದ. ಅಷ್ಟರಲ್ಲಿ ಗಾಲ್ವಾನಿ ತೀರಿಕೊಂಡಿದ್ದ. ನೆಪೋಲಿಯನ್ ಸ್ಥಾಪಿಸಿದ ಹೊಸ ಗಣರಾಜ್ಯಕ್ಕೆ ನಿಷ್ಠೆಯ ಪ್ರಮಾಣ ಮಾಡಲು ಒಪ್ಪದೆ ಕೆಲಸವನ್ನೇ ಕಳೆದುಕೊಂಡು ೧೭೯೮ರಲ್ಲಿ ಸತ್ತ ಆ ಮೌನಿ ಮನುಷ್ಯನ ಪಕ್ಷವನ್ನು ಹಿಡಿದವನು ಅವನ ಸೋದರಿಯ ಮಗ ಜೊವಾನಿ ಆಲ್ದೀನಿ. ವಿನೋದವೆಂದರೆ, ಮಾವನ ಮತವನ್ನು ಎತ್ತಿಹಿಡಿಯಲು ಅಳಿಯ ಉಪಯೋಗಿಸಿದ್ದು ಎದುರಾಳಿ ಮಾಡಿದ ಬ್ಯಾಟರಿಯನ್ನೇ.

ಆಲ್ದೀನಿ ಮಾವನಂತೆ ಮೌನಿಯಲ್ಲ. ಅವನಿಗೆ ಸಭೆ ಬೇಕು, ನೆರೆದ ಜನ ಬೆಚ್ಚಬೇಕು. ೧೮೦೩ರ ಜನವರಿಯಲ್ಲಿ ಅವನು ಲಂಡನ್ನಿನಲ್ಲಿದ್ದ. ಹೆಂಡತಿಯನ್ನೂ ಮಗುವನ್ನೂ ನೀರಿನಲ್ಲಿ ಮುಳುಗಿಸಿ ಕೊಂದನೆಂದು ಶಿಕ್ಷೆಗೊಳಗಾದ ಜಾರ್ಜ್ ಫಾರ್ಸ್ಟರ್ ಎಂಬವನನ್ನು ನ್ಯೂಗೇಟ್ ಸೆರೆಮನೆಯಲ್ಲಿ ನೇಣಿಗೆ ಹಾಕಿದರು. ಕೊಲೆಗಾರರ ಹೆಣವನ್ನು ಹೂಳಗೊಡದೆ ಶಸ್ತ್ರವೈದ್ಯರಿಗೆ ಕೊಡಬೇಕೆಂದು ೧೭೫೨ರ ಶಾಸನ ಹೇಳುತ್ತಿತ್ತು. ಹಾಗೆ ಒಪ್ಪಿಸಲ್ಪಟ್ಟ ಹೆಣಕ್ಕೆ ಆಲ್ದೀನಿ, ತಲಾ ನಲವತ್ತು ಸತುವಿನ ಮತ್ತು ನಲವತ್ತು ತಾಮ್ರದ ಫಲಕಗಳಿದ್ದ ಮೂರು ತೊಟ್ಟಿಗಳ ಬ್ಯಾಟರಿಯನ್ನು ಹೂಡಿದ. ದವಡೆ ನಡುಗಿತು, ಒಂದು ಕಣ್ಣು ತೆರೆಯಿತು, ಬಲಗೈ ಮುಷ್ಟಿ ಬಿಗಿದು ಮೇಲೆದ್ದಿತು. ನೋಡಿದವರಲ್ಲಿ ಕೆಲವರು ಹೆಣಕ್ಕೆ ಜೀವ ಬಂತೆಂದೇ ತಿಳಿದರು. ಅಲ್ಲಿದ್ದ ಶಸ್ತ್ರವೈದ್ಯರ ಸಂಘದ ಪರಿಚಾರಕನೊಬ್ಬ ಮನೆಗೆ ಹೋಗಿ ಆ ದಿಗಿಲಿನಲ್ಲೇ ಸತ್ತನೆಂದು ಆ ಕಾಲದ ವರದಿಯುಂಟು. ಮೇರಿ ಶೆಲ್ಲಿ ೧೮೧೮ರಲ್ಲಿ ಪ್ರಕಟಿಸಿದ 'ಫ್ರಾಂಕೆನ್‌ಸ್ಟೈನ್' ಕಾದಂಬರಿ ಹುಟ್ಟಿದ್ದು ಗಾಲ್ವಾನಿಯ ಹೆಸರಿನ ಈ ವಿದ್ಯೆ ಮನೆಮನೆಯ ಮಾತಾಗಿದ್ದ ಕಾಲದಲ್ಲಿ.

ಆಲ್ದೀನಿಯನ್ನು ಬರಿಯ ಜಾತ್ರೆಯ ಗಾರುಡಿಗನೆಂದು ತಳ್ಳಿಹಾಕುವವರಿದ್ದಾರೆ. ನನಗೆ ಅದು ಅನ್ಯಾಯವಾಗಿ ತೋರುತ್ತದೆ. ಹೆಣದ ಕೈ ಎತ್ತಿಸುವುದಕ್ಕೆ ಎರಡು ವರ್ಷ ಮುಂಚೆ, ೧೮೦೧ರಲ್ಲಿ, ಬೊಲೋನ್ಯದ ಸಂತ ಊರ್ಸುಲ ಆಸ್ಪತ್ರೆಯಲ್ಲಿ ಲೂಯಿಜಿ ಲಾಂಜಾರೀನಿ ಎಂಬ ಇಪ್ಪತ್ತೇಳು ವರ್ಷದ ರೈತನಿದ್ದ. ಘೋರವಾದ ಖಿನ್ನತೆ, ಮಾತಿಲ್ಲ, ನಗುವಿಲ್ಲ. ಆಲ್ದೀನಿ ಅವನ ತಲೆಯ ಕೂದಲು ತೆಗೆಸಿ, ಚರ್ಮವನ್ನು ಒದ್ದೆ ಮಾಡಿ, ಬ್ಯಾಟರಿಯ ಒಂದು ತಂತಿಯನ್ನು ಅಲ್ಲಿ ತಾಗಿಸಿದ. ಅದಕ್ಕೂ ಮುನ್ನ ಅದೇ ಪ್ರವಾಹವನ್ನು ತನ್ನ ತಲೆಗೆ ತಾನೇ ಕೊಟ್ಟುಕೊಂಡು, ಹಲವು ದಿನ ನಿದ್ದೆಗೆಟ್ಟಿದ್ದ. ಚಿಕಿತ್ಸೆ ದಿನದಿನಕ್ಕೆ ಮುಂದುವರಿದಂತೆ ರೈತನ ಮುಖ ಬೆಳಗಿತು. ಕೊನೆಗೆ ವಾಸಿಯಾಗಿ ಆಸ್ಪತ್ರೆಯಿಂದ ಹೊರಬಂದ. ವಿದ್ಯುತ್ತಿನಿಂದಲೇ ವಾಸಿಯಾದನೋ, ಒಬ್ಬ ದೊಡ್ಡ ಮನುಷ್ಯ ದಿನವೂ ಪಕ್ಕದಲ್ಲಿ ಕುಳಿತು ಆರೈಕೆ ಮಾಡಿದ್ದರಿಂದಲೋ, ತಾನಾಗಿಯೋ ಎಂದು ಆಗ ಯಾರೂ ಕೇಳಲಿಲ್ಲ. ಈ ಪ್ರಶ್ನೆಯನ್ನು ವಾಚಕರು ನೆನಪಿನಲ್ಲಿಡಬೇಕು. ಇನ್ನೂರು ವರ್ಷಗಳ ಮೇಲೆ ಇದೇ ಪ್ರಶ್ನೆ ನಮ್ಮನ್ನು ಎದುರುಗೊಳ್ಳುತ್ತದೆ.

ಕೈಯ ಚಲನೆ ಮಿದುಳಿನ ಯಾವ ಮೂಲೆಯಿಂದ ಹೊರಡುತ್ತದೆಂಬುದು ಗೊತ್ತಾದದ್ದು ೧೮೭೦ರಲ್ಲಿ. ಬರ್ಲಿನ್ನಿನ ಗುಸ್ತಾಫ್ ಫ್ರಿಟ್ಷ್ ಮತ್ತು ಎಡ್ವರ್ಡ್ ಹಿಟ್ಸಿಗ್ ಎಂಬ ತರುಣ ವೈದ್ಯರಿಬ್ಬರು ನಾಯಿಯ ತಲೆಬುರುಡೆಯನ್ನು ತೆರೆದು, ಮಿದುಳಿನ ಮೇಲ್ಪದರಕ್ಕೆ ಸಣ್ಣ ಪ್ರವಾಹ ಮುಟ್ಟಿಸಿದರು. ಒಂದು ಜಾಗ ಮುಟ್ಟಿದರೆ ಎದುರು ಪಕ್ಕದ ಮುಂಗಾಲು, ಇನ್ನೊಂದು ಜಾಗ ಮುಟ್ಟಿದರೆ ಹಿಂಗಾಲು ಕದಲಿತು. ತಕ್ಕ ಪ್ರಯೋಗಶಾಲೆ ಸಿಕ್ಕದೆ ಹಿಟ್ಸಿಗ್‌ನ ಮನೆಯಲ್ಲಿ, ಅವನ ಪತ್ನಿಯ ಕನ್ನಡಿ ಮೇಜಿನ ಮೇಲೆ ಈ ಕೆಲಸ ನಡೆಯಿತೆಂದು ಹೇಳುತ್ತಾರೆ. ಆ ಗೃಹಿಣಿಯ ತಾಳ್ಮೆಯನ್ನು ಯಾವ ಚರಿತ್ರೆಕಾರನೂ ಹೊಗಳಿದಂತೆ ಕಾಣೆ.

ನಾಯಿಯಿಂದ ಮನುಷ್ಯನಿಗೆ ಬಂದ ಹೆಜ್ಜೆ ಮಾತ್ರ ನಾಚಿಕೆಗೇಡಿನದು. ಅಮೆರಿಕದ ಸಿನ್ಸಿನಾಟಿ ಪಟ್ಟಣದಲ್ಲಿ ಮೇರಿ ರಾಫರ್ಟಿ ಎಂಬ ಬಡ ಮನೆಗೆಲಸದವಳು ಆಸ್ಪತ್ರೆ ಸೇರಿದ್ದಳು. ಐರ್ಲೆಂಡಿನಿಂದ ಬಂದವಳು, ವಯಸ್ಸು ಮೂವತ್ತು. ತಲೆಯ ಮೇಲಿನ ಹುಣ್ಣು ಅರ್ಬುದವಾಗಿ ಬುರುಡೆಯನ್ನೇ ತಿಂದು, ಮಿದುಳು ಬಡಿದುಕೊಳ್ಳುವುದು ಹೊರಗೆ ಕಾಣುತ್ತಿತ್ತು. ೧೮೭೪ರಲ್ಲಿ ರಾಬರ್ಟ್ಸ್ ಬಾರ್ಥೊಲೊ ಎಂಬ ವೈದ್ಯ ಆ ತೆರವಿನಲ್ಲಿ ಸೂಜಿಗಳನ್ನು ಇಳಿಸಿ ವಿದ್ಯುತ್ತು ಹಾಯಿಸಿದ. ಎದುರು ಪಕ್ಕದ ಕೈಕಾಲುಗಳು ಸೆಟೆದವು. ಅಷ್ಟಕ್ಕೆ ಬಿಡದೆ ಪ್ರವಾಹವನ್ನು ಹೆಚ್ಚಿಸಿದ. ಅವಳು ಸಂಕಟದಿಂದ ಅತ್ತಳು. ಸೆಳವು ಬಂದು ಎಚ್ಚರ ತಪ್ಪಿತು. ಕೆಲವೇ ದಿನಗಳಲ್ಲಿ ಸತ್ತಳು. ಬಾರ್ಥೊಲೊ ಇದೆಲ್ಲವನ್ನೂ ತನ್ನ ಕೈಯಾರೆ ಬರೆದು ವೈದ್ಯಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ವೈದ್ಯಸಮೂಹದಿಂದ ಖಂಡನೆ ಬಂದ ಮೇಲೆ ವಿಷಾದ ಸೂಚಿಸಿ, ಇಂಥ ಪ್ರಯೋಗವನ್ನು ಮತ್ತೆ ಮಾಡುವುದು ಅಪರಾಧವೆಂದೂ ಒಪ್ಪಿಕೊಂಡ. ರೋಗಿ ಒಪ್ಪಿಗೆ ಕೊಟ್ಟಿದ್ದಳೆಂದು ಅವನ ಸಮಾಧಾನ. ಅವಳಿಗೆ ಬುದ್ಧಿ ಸ್ವಲ್ಪ ಮಂದವೆಂದು ಬರೆದವನೂ ಅವನೇ! ಮಂದಬುದ್ಧಿಯವಳ ಒಪ್ಪಿಗೆಗೆ ಎಷ್ಟು ಬೆಲೆ? ಮಾನವನ ಮಿದುಳಿನ ಚಲನಾ ಪ್ರದೇಶದ ಬಗ್ಗೆ ಬರೆಯುವ ಗ್ರಂಥಗಳಲ್ಲಿ ವೈದ್ಯನ ಹೆಸರು ತಪ್ಪದೆ ಬರುತ್ತದೆ. ಮೇರಿ ರಾಫರ್ಟಿಯ ಹೆಸರನ್ನು ನಾವಾದರೂ ಬರೆಯೋಣ.

ಬುರುಡೆಯನ್ನು ತೆರೆಯದೆ ಮಿದುಳನ್ನು ಮುಟ್ಟುವುದು ಹೇಗೆ ಎಂಬುದು ಅಲ್ಲಿಂದ ಮುಂದಿನ ಪ್ರಶ್ನೆಯಾಯಿತು. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ನಿವಾರಿಸಬೇಕು. ತಲೆಗೆ ವಿದ್ಯುತ್ತೆಂದೊಡನೆ ನಮ್ಮ ಜನಕ್ಕೆ ನೆನಪಾಗುವುದು ಸಿನಿಮಾಗಳಲ್ಲಿ ಕಾಣಿಸುವ 'ಷಾಕ್ ಟ್ರೀಟ್‌ಮೆಂಟು'. ಅದು ೧೯೩೮ರಲ್ಲಿ ರೋಮಿನ ಚೆರ್ಲೆತ್ತಿ ಮತ್ತು ಬೀನಿ ಎಂಬ ವೈದ್ಯರು ಆರಂಭಿಸಿದ ಚಿಕಿತ್ಸೆ; ಬೇಕೆಂದೇ ಸೆಳವು ಬರಿಸಿ ಮನೋರೋಗವನ್ನು ಇಳಿಸುವ ಉಪಾಯ. ಇಂದು ಅರಿವಳಿಕೆ ಕೊಟ್ಟು ಮಾಡುತ್ತಾರೆ. ಕಡು ಖಿನ್ನತೆಯಲ್ಲಿ ಅನೇಕರ ಜೀವ ಉಳಿಸಿದೆ. ಅದರಲ್ಲಿ ಹಾಯುವ ಪ್ರವಾಹ ಎಂಟುನೂರು ಒಂಬೈನೂರು ಮಿಲಿಆಂಪಿಯರುಗಳಷ್ಟು. ನಾನು ಹೇಳಹೊರಟಿರುವ ಪ್ರವಾಹ ಒಂದೋ ಎರಡೋ ಮಿಲಿಆಂಪಿಯರು. ಹಳೆಯ ಟಾರ್ಚಿನ ಬಲ್ಬು ಉರಿಯಲು ಬೇಕಾದುದರಲ್ಲಿ ನೂರರಲ್ಲೊಂದು ಪಾಲೂ ಅಲ್ಲ. ತಲೆಯ ಮೇಲೆ ಇರುವೆ ಹರಿದಂತೆ ಜುಮುಜುಮು ಅನ್ನಿಸುತ್ತದೆ, ಅಷ್ಟೆ.

ಇಷ್ಟು ಕ್ಷೀಣವಾದ ಪ್ರವಾಹ ಏನನ್ನು ತಾನೆ ಮಾಡೀತು? ೧೯೬೪ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಲಿನ್ ಬಿಂಡ್‌ಮನ್, ಓಲಾಫ್ ಲಿಪ್ಪೊಲ್ಡ್ ಮತ್ತು ರೆಡ್‌ಫರ್ನ್ ಎಂಬವರು ಇಲಿಯ ಮಿದುಳಿನ ಮೇಲೆ ಈ ಪ್ರಶ್ನೆಯನ್ನು ಹಾಕಿದರು. ಧನ ಧ್ರುವವನ್ನು ಮಿದುಳಿನ ಮೇಲ್ಮೈಗೆ ಇಟ್ಟರೆ ಅಲ್ಲಿನ ನರಕೋಶಗಳು ಹೆಚ್ಚು ಚುರುಕಾದವು. ಋಣ ಧ್ರುವವನ್ನಿಟ್ಟರೆ ಮಂದವಾದವು. ಅದಕ್ಕಿಂತ ಆಶ್ಚರ್ಯದ ಸಂಗತಿ, ಐದು ಹತ್ತು ನಿಮಿಷ ಪ್ರವಾಹ ಕೊಟ್ಟು ನಿಲ್ಲಿಸಿದ ಮೇಲೂ ಆ ಚುರುಕು ಗಂಟೆಗಟ್ಟಲೆ ಉಳಿಯುತ್ತಿತ್ತು. ಕೋಶಗಳಿಗೆ ಅದು ನೆನಪಿದ್ದಂತಾಯಿತು. ಅದೇ ವರ್ಷ ಲಿಪ್ಪೊಲ್ಡ್ ಮತ್ತು ರೆಡ್‌ಫರ್ನ್ ಮನುಷ್ಯರ ಹುಬ್ಬುಗಳ ಮೇಲೂ ಕಾಲಿನ ಮೇಲೂ ಎಲೆಕ್ಟ್ರೋಡು ಇಟ್ಟು ಪರೀಕ್ಷಿಸಿದರು. ತಲೆಯ ಕಡೆ ಧನ ಧ್ರುವವಿದ್ದಾಗ ಜನ ಲವಲವಿಕೆಯಿಂದ ಮಾತನಾಡತೊಡಗಿದರೆಂದೂ, ಋಣ ಧ್ರುವವಿದ್ದಾಗ ಮಂಕಾಗಿ ಸುಮ್ಮನೆ ಕುಳಿತರೆಂದೂ ವರದಿ ಮಾಡಿದರು. ಖಿನ್ನತೆಯ ರೋಗಿಗಳಿಗೆ ಇದರಿಂದ ಒಳಿತಾಗುತ್ತದೆಂಬ ಆಸೆ ಹುಟ್ಟಿತು. ಆದರೆ ೧೯೭೦ರಲ್ಲಿ ಬೇರೊಂದು ತಂಡ ನಿಜವಾದ ಪ್ರವಾಹವನ್ನೂ ಹುಸಿ ಪ್ರವಾಹವನ್ನೂ ಹೋಲಿಸಿ ನೋಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಖಿನ್ನತೆಗೆ ಮಾತ್ರೆಗಳು ಬಂದಿದ್ದ ಕಾಲ ಅದು. ತಂತಿ ಕಟ್ಟುವ ಗೋಜು ಯಾರಿಗೆ ಬೇಕು? ಲಂಡನ್ನಿನ ಪ್ರಬಂಧಗಳು ಗ್ರಂಥಾಲಯದಲ್ಲಿ ಧೂಳು ಕುಡಿಯುತ್ತ ಮಲಗಿದವು.

ಈ ನಿದ್ದೆಯಿಂದ ವಿಷಯವನ್ನು ಎಬ್ಬಿಸಿದ್ದು ಒಂದು ಅಳತೆಗೋಲು. ಮಿದುಳು ಚುರುಕಾಯಿತೆಂದು ರೋಗಿಯ ಮಾತಿನಿಂದ ಹೇಳಿದರೆ ಸಾಲದು, ಅಳೆದು ತೋರಿಸಬೇಕು. ೧೯೮೦ರಲ್ಲಿ ಪ್ಯಾಟ್ರಿಕ್ ಮರ್ಟನ್ ಮತ್ತು ಮಾರ್ಟನ್ ಎಂಬ ಇಂಗ್ಲಿಷ್ ವಿಜ್ಞಾನಿಗಳು ಸಾವಿರಕ್ಕೂ ಮಿಕ್ಕಿದ ವೋಲ್ಟುಗಳ, ಕಣ್ಣೆವೆಯಿಕ್ಕುವುದಕ್ಕಿಂತ ಬಹಳ ಕಿರಿದಾದ ಒಂದು ಹೊಡೆತದಿಂದ, ಬುರುಡೆ ತೆರೆಯದೆಯೇ ಮಿದುಳನ್ನು ಮುಟ್ಟಿ ಕೈಯ ಸ್ನಾಯು ಅದುರುವಂತೆ ಮಾಡಿದರು. ನೋವು ವಿಪರೀತ. ೧೯೮೫ರಲ್ಲಿ ಷೆಫೀಲ್ಡಿನ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ಅದೇ ಕೆಲಸವನ್ನು ಅಯಸ್ಕಾಂತದಿಂದ ನೋವಿಲ್ಲದೆ ಮಾಡಿದರು. ತಲೆಯ ಮೇಲೆ ಹಿಡಿದ ತಂತಿಯ ಸುರುಳಿಯಲ್ಲಿ ಕ್ಷಣಮಾತ್ರ ಪ್ರಬಲ ಪ್ರವಾಹ ಹಾಯಿಸಿದರೆ ಕಾಂತಕ್ಷೇತ್ರ ಹುಟ್ಟಿ, ಅದು ಬುರುಡೆಯೊಳಗೆ ಮತ್ತೆ ವಿದ್ಯುತ್ತನ್ನು ಹುಟ್ಟಿಸುತ್ತದೆ. ೧೮೩೧ರಲ್ಲಿ ಫ್ಯಾರಡೆ ಕಂಡುಹಿಡಿದ ನಿಯಮವೇ. ಹೆಬ್ಬೆರಳು ಎಷ್ಟು ಜೋರಾಗಿ ಅದುರಿತೆಂದು ಅಳೆದರೆ ಚಲನಾ ಪ್ರದೇಶ ಎಷ್ಟು ಎಚ್ಚರವಾಗಿದೆಯೆಂದು ತಿಳಿಯುತ್ತದೆ.

ಈ ಅಳತೆಗೋಲನ್ನು ಹಿಡಿದು, ಜರ್ಮನಿಯ ಗ್ಯೋಟಿಂಗೆನ್ ವಿಶ್ವವಿದ್ಯಾನಿಲಯದ ಮೈಕೇಲ್ ನಿಟ್ಷೆ ಮತ್ತು ವಾಲ್ಟರ್ ಪೌಲಸ್ ೨೦೦೦ದಲ್ಲಿ ಲಂಡನ್ನಿನ ಹಳೆಯ ಕಥೆಯನ್ನು ಮತ್ತೆ ತೆರೆದರು. ಉಪಕರಣ ಎಷ್ಟು ಸರಳವೆಂದರೆ ನಂಬುವುದು ಕಷ್ಟ: ಬ್ಯಾಟರಿಯಿಂದ ನಡೆಯುವ ಒಂದು ಪೆಟ್ಟಿಗೆ, ಉಪ್ಪುನೀರಿನಲ್ಲಿ ನೆನೆಸಿದ ಅಂಗೈಯಗಲಕ್ಕಿಂತ ಚಿಕ್ಕ ಎರಡು ಸ್ಪಂಜುಗಳು. ಒಂದು ಸ್ಪಂಜು ಕೈಯನ್ನು ಆಳುವ ಚಲನಾ ಪ್ರದೇಶದ ಮೇಲೆ, ಇನ್ನೊಂದು ಎದುರು ಪಕ್ಕದ ಹಣೆಯ ಮೇಲೆ. ಒಂದು ಮಿಲಿಆಂಪಿಯರು ಪ್ರವಾಹವನ್ನು ಕೆಲವು ನಿಮಿಷ ಹಾಯಿಸಿ ಅಳೆದರೆ, ಬೆರಳಿನ ಅದುರು ಶೇಕಡಾ ೪೦ರಷ್ಟು ಏರುಪೇರಾಗಿತ್ತು. ಧನ ಧ್ರುವಕ್ಕೆ ಏರಿಕೆ, ಋಣ ಧ್ರುವಕ್ಕೆ ಇಳಿಕೆ. ಮರುವರ್ಷದ ಪ್ರಯೋಗದಲ್ಲಿ, ಹದಿಮೂರು ನಿಮಿಷದ ಪ್ರವಾಹದ ಫಲ ಒಂದೂವರೆ ಗಂಟೆಯವರೆಗೆ ಉಳಿಯಿತೆಂದು ತೋರಿಸಿದರು. ಕೆಮ್ಮಿನ ಔಷಧದಲ್ಲಿ ಬಳಸುವ ಡೆಕ್ಸ್ಟ್ರೋಮೆಥಾರ್ಫನ್ ಎಂಬ ವಸ್ತುವನ್ನು ಮೊದಲೇ ನುಂಗಿಸಿದ್ದರೆ, ಪ್ರವಾಹ ನಿಂತ ಮೇಲೆ ಈ ಫಲ ಉಳಿಯುತ್ತಿರಲಿಲ್ಲ. ಇದು ಸಣ್ಣ ಸಂಗತಿಯಲ್ಲ. ಆ ವಸ್ತು ತಡೆಯುವುದು ನರಕೋಶಗಳು ಒಂದರೊಡನೊಂದು ನಂಟನ್ನು ಬಲಪಡಿಸಿಕೊಳ್ಳುವ ದ್ವಾರವನ್ನು, ಅಂದರೆ ಕಲಿಕೆಯ ದ್ವಾರವನ್ನೇ. ಹಾಗಾದರೆ ಈ ಪ್ರವಾಹಕ್ಕೂ ಕಲಿಕೆಗೂ ಸಂಬಂಧವಿರಬೇಕಲ್ಲವೆ?

೨೦೦೩ರಲ್ಲಿ ಅದೇ ತಂಡ ಇದನ್ನು ನೇರವಾಗಿ ಪರೀಕ್ಷಿಸಿತು. ಪರದೆಯ ಮೇಲೆ ನಾಲ್ಕು ಜಾಗಗಳು, ಕೈಕೆಳಗೆ ನಾಲ್ಕು ಗುಂಡಿಗಳು. ಗುರುತು ಎಲ್ಲಿ ಕಾಣಿಸಿಕೊಂಡಿತೋ ಅದಕ್ಕೆ ತಕ್ಕ ಗುಂಡಿಯನ್ನು ಒತ್ತಬೇಕು. ಗುರುತುಗಳು ಬರುವುದರಲ್ಲಿ ಒಂದು ಗುಟ್ಟಾದ ಕ್ರಮವಿರುತ್ತದೆ. ಒತ್ತುವವನಿಗೆ ಅದು ತಿಳಿಯದು, ಆದರೆ ಅವನ ಬೆರಳುಗಳಿಗೆ ಕ್ರಮೇಣ ತಿಳಿಯುತ್ತದೆ! ಚಲನಾ ಪ್ರದೇಶದ ಮೇಲೆ ಧನ ಪ್ರವಾಹ ಹಾಯುತ್ತಿದ್ದಾಗ ಬೆರಳುಗಳು ಈ ಗುಟ್ಟನ್ನು ಬೇಗ ಹಿಡಿದವು. ಮಿದುಳಿನ ಮುಂಭಾಗದ ಬೇರೆ ಜಾಗಗಳಿಗೆ ಕೊಟ್ಟರೆ ಆ ಲಾಭವಿರಲಿಲ್ಲ.

ಇದಕ್ಕಿಂತ ಸೊಗಸಾದ ಪ್ರಯೋಗ ೨೦೦೯ರದು. ಅಮೆರಿಕದ ಬೆಥೆಸ್ಡದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಲಿಯೊನಾರ್ಡೊ ಕೊಹೆನ್‌ರ ಪ್ರಯೋಗಶಾಲೆಯ ಯಾನೀನ್ ರೈಸ್ ಮತ್ತು ಜೊತೆಗಾರರು ಮಾಡಿದ್ದು. ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ಸಾಧನವನ್ನು ಹಿಸುಕಬೇಕು. ಹಿಸುಕಿದಷ್ಟೂ ಪರದೆಯ ಮೇಲಿನ ಚುಕ್ಕೆ ಮುಂದಕ್ಕೆ ಸರಿಯುತ್ತದೆ. ಅದನ್ನು ಗೊತ್ತಾದ ಕ್ರಮದಲ್ಲಿ ಹಲವು ಗುರಿಗಳಿಗೆ ಮುಟ್ಟಿಸಬೇಕು, ಬೇಗನೆ, ತಪ್ಪದೆ. ಚಿನಿವಾರನು ಬಂಗಾರದ ಎಳೆಯನ್ನು ಚಿಮಟದಲ್ಲಿ ಹಿಡಿಯುವಾಗ ಬೇಕಾದ ಬಿಗಿಸಡಿಲಗಳ ಹದವೇ ಇದು. ಐದು ದಿನ ಸತತ ಅಭ್ಯಾಸ. ಅಭ್ಯಾಸದ ಕಾಲದಲ್ಲಿ ಒಂದು ಗುಂಪಿಗೆ ದಿನಕ್ಕೆ ಇಪ್ಪತ್ತು ನಿಮಿಷ ನಿಜವಾದ ಪ್ರವಾಹ, ಇನ್ನೊಂದಕ್ಕೆ ಹುಸಿ. ಹುಸಿಯೆಂದರೆ, ಮೊದಲು ಅರೆಕ್ಷಣ ಪ್ರವಾಹ ಕೊಟ್ಟು ಜುಮುಜುಮು ಎನ್ನಿಸಿ ಆಮೇಲೆ ಗುಟ್ಟಾಗಿ ನಿಲ್ಲಿಸಿಬಿಡುವುದು. ಆ ಜುಮುಜುಮು ಹೇಗೂ ಬೇಗ ಮರೆತುಹೋಗುವುದರಿಂದ ತನಗೆ ಯಾವುದು ಸಿಕ್ಕಿತೆಂದು ಕಲಿಯುವವನಿಗೆ ಗೊತ್ತಾಗುವುದಿಲ್ಲ. ಲಾಂಜಾರೀನಿಯ ವಿಷಯದಲ್ಲಿ ಯಾರೂ ಕೇಳದೆ ಬಿಟ್ಟ ಪ್ರಶ್ನೆಗೆ ಇದು ಉತ್ತರ ಹುಡುಕುವ ಉಪಾಯ.

ಐದು ದಿನಗಳ ಕೊನೆಗೆ ನಿಜವಾದ ಪ್ರವಾಹ ಪಡೆದವರು ಮುಂದಿದ್ದರು. ಆದರೆ ಆ ಮುನ್ನಡೆ ಬಂದ ರೀತಿ ವಿಚಿತ್ರ. ಅಭ್ಯಾಸಕ್ಕೆ ಕುಳಿತಿದ್ದಾಗ ಎರಡು ಗುಂಪುಗಳೂ ಹೆಚ್ಚುಕಡಿಮೆ ಸಮವಾಗಿಯೇ ಕಲಿಯುತ್ತಿದ್ದವು. ವ್ಯತ್ಯಾಸ ಕೂಡಿದ್ದು ಒಂದು ದಿನದ ಅಭ್ಯಾಸ ಮುಗಿದು ಮರುದಿನದ್ದು ಆರಂಭವಾಗುವ ನಡುವೆ, ಅವರು ಮನೆಗೆ ಹೋಗಿ ಉಂಡು ಮಲಗಿದ್ದ ವೇಳೆಯಲ್ಲಿ. ಸಂಗೀತದ ಮೇಷ್ಟರುಗಳು 'ಇವತ್ತಿಗೆ ಸಾಕು, ನಾಳೆ ತಾನಾಗಿ ಕೂತುಕೊಳ್ಳುತ್ತದೆ' ಎನ್ನುವುದುಂಟು. ಹಾಗೆ ಕೂತುಕೊಳ್ಳುವ ಭಾಗವನ್ನೇ ಪ್ರವಾಹ ಬಲಪಡಿಸಿದಂತೆ ಕಂಡಿತು. ಮೂರು ತಿಂಗಳಾದ ಮೇಲೆ ಮತ್ತೆ ಕರೆಸಿ ನೋಡಿದರೆ ಎರಡು ಗುಂಪಿನವರೂ ಒಂದೇ ವೇಗದಲ್ಲಿ ಮರೆತಿದ್ದರು. ಮೊದಲು ಮುಂದಿದ್ದವರು ಇನ್ನೂ ಮುಂದೆಯೇ ಇದ್ದರು. ಮರುವರ್ಷ ಬ್ರೀಟ ಫ್ರಿಟ್ಷ್ ಮತ್ತು ಸಹೋದ್ಯೋಗಿಗಳು ಇಲಿಯ ಮಿದುಳಿನ ತೆಳು ಹೋಳುಗಳಲ್ಲಿ ಇದರ ಒಳಗುಟ್ಟನ್ನು ಅರಸಿದರು. ಬರಿಯ ಪ್ರವಾಹ ಕೊಟ್ಟರೆ ಕೋಶಗಳ ನಂಟು ಬಲಗೊಳ್ಳಲಿಲ್ಲ. ಪ್ರವಾಹದ ಜೊತೆಗೆ ಆ ನಂಟಿಗೆ ಚಟುವಟಿಕೆಯೂ ಇದ್ದಾಗ ಮಾತ್ರ ಬಲಗೊಂಡಿತು. ನಮ್ಮ ಒಕ್ಕಲಿಗರ ಮಾತಿನಲ್ಲಿ ಹೇಳುವುದಾದರೆ ಪ್ರವಾಹ ಹದಮಳೆಯಂತೆ. ನೆಲವನ್ನು ಮೆದುಮಾಡುತ್ತದೆ, ಬಿತ್ತುವ ಕೆಲಸ ಬಿತ್ತುವವನಿಗೇ ಬಿಟ್ಟದ್ದು.

ಇಂಥ ಸುದ್ದಿ ಪ್ರಯೋಗಶಾಲೆಯೊಳಗೆ ಎಷ್ಟು ದಿನ ನಿಂತೀತು? ಒಂಬತ್ತು ವೋಲ್ಟಿನ ಬ್ಯಾಟರಿಯಿಂದ ಮನೆಯಲ್ಲೇ ಉಪಕರಣ ಕಟ್ಟಿಕೊಂಡು ತಲೆಗೆ ಹಚ್ಚಿಕೊಳ್ಳುವ ಹವ್ಯಾಸಿಗಳು ಹುಟ್ಟಿಕೊಂಡರು. ೨೦೧೩ರಲ್ಲಿ ಆಟಪ್ರಿಯರಿಗೆಂದು ತಲೆಪಟ್ಟಿ ಮಾರಾಟಕ್ಕೆ ಬಂತು. ೨೦೧೬ರಲ್ಲಿ ಅಮೆರಿಕದ ಹೇಲೋ ಎಂಬ ಕಂಪನಿ ಹಾಡು ಕೇಳುವ ಹೆಡ್‌ಫೋನಿನಂತೆಯೇ ಕಾಣುವ ಉಪಕರಣವನ್ನು ಕ್ರೀಡಾಪಟುಗಳಿಗೆ ಮಾರಿತು. ಅದೇ ವರ್ಷ ಹಲವು ಸಂಶೋಧಕರು ಒಟ್ಟಾಗಿ ಬಹಿರಂಗ ಪತ್ರ ಬರೆದು ಹವ್ಯಾಸಿಗಳನ್ನು ಎಚ್ಚರಿಸಿದರು: ಒಂದು ಜಾಗಕ್ಕೆ ಕೊಟ್ಟ ಪ್ರವಾಹ ಬೇರೆ ಜಾಗಗಳಿಗೂ ಹರಡುತ್ತದೆ, ಒಂದು ಶಕ್ತಿ ಹೆಚ್ಚಿದರೆ ಇನ್ನೊಂದು ತಗ್ಗಬಹುದು. ಈ ಎರಡನೆಯ ಮಾತಿಗೆ ಆಧಾರವಿತ್ತು. ೨೦೧೩ರಲ್ಲಿ ಆಕ್ಸ್‌ಫರ್ಡಿನ ಇಬ್ಬರು ಸಂಶೋಧಕರು, ಹೊಸ ಅಂಕಿಗಳನ್ನು ಕಲಿಯುವ ವೇಗ ಹೆಚ್ಚಿಸಿದ ಪ್ರವಾಹವೇ ಕಲಿತದ್ದನ್ನು ಸಲೀಸಾಗಿ ಬಳಸುವ ಶಕ್ತಿಯನ್ನು ತಗ್ಗಿಸಿದುದನ್ನು ಕಂಡಿದ್ದರು.

ಹೀಗೆ ಪೇಟೆಯಲ್ಲಿ ಬೆಲೆ ಏರುತ್ತಿದ್ದಂತೆ ಪ್ರಯೋಗಶಾಲೆಯಲ್ಲಿ ಸಂದೇಹ ಏರುತ್ತಿತ್ತು. ೨೦೧೪ರಲ್ಲಿ ಲಂಡನ್ನಿನ ಒಂದು ತಂಡ ಐವತ್ತಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ, ಸುಮಾರು ಅರ್ಧದಷ್ಟು ಮಂದಿಯಲ್ಲಿ ಫಲ ತೀರ ಅಲ್ಪ ಇಲ್ಲವೆ ಶೂನ್ಯ ಎಂದಿತು. ೨೦೧೫ರಲ್ಲಿ ಹೊರ್ವಾತ್ ಮತ್ತು ಜೊತೆಗಾರರು ಅಲ್ಲಿಯವರೆಗಿನ ಪ್ರಬಂಧಗಳನ್ನು ರಾಶಿ ಹಾಕಿ ತೂಗಿ, ಆರೋಗ್ಯವಂತರ ಬುದ್ಧಿಶಕ್ತಿಯ ಮೇಲೆ ಒಂದು ಸಲದ ಪ್ರವಾಹಕ್ಕೆ ನಂಬಬಹುದಾದ ಪರಿಣಾಮವೇ ಇಲ್ಲವೆಂದು ತೀರ್ಪಿತ್ತರು. ಅವರು ತೂಗಿದ ರೀತಿಯೇ ಸರಿಯಿಲ್ಲವೆಂದು ಹಲವರು ತಿರುಗಿಬಿದ್ದರು. ಆ ಜಗಳ ಸಾಹಿತ್ಯ ಪರಿಷತ್ತಿನ ಚುನಾವಣೆಯಷ್ಟೇ ಕಾವಿನದಾಗಿತ್ತೆಂದರೆ ವಾಚಕರಿಗೆ ಅರ್ಥವಾದೀತು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಂದದ್ದು ಮತ್ತೆ ಒಂದು ಹೆಣದಿಂದ. ನ್ಯೂಯಾರ್ಕಿನ ದ್ಯೋರ್ದ್ ಬುಜಾಕಿ ಎಂಬ ಹಂಗೇರಿ ಮೂಲದ ವಿಜ್ಞಾನಿ ಮತ್ತು ಅವರ ಸಂಗಡಿಗರು ಮೃತದೇಹದ ತಲೆಗೆ ಹೊರಗಿನಿಂದ ಪ್ರವಾಹ ಕೊಟ್ಟು, ಬುರುಡೆಯೊಳಗೆ ಇಳಿಸಿದ ಎಲೆಕ್ಟ್ರೋಡುಗಳಿಂದ ಒಳಗೆ ತಲಪುವುದೆಷ್ಟೆಂದು ಅಳೆದರು. ೨೦೧೬ರಲ್ಲಿ ಸಭೆಯಲ್ಲಿ ಹೇಳಿ ೨೦೧೮ರಲ್ಲಿ ಪ್ರಕಟಿಸಿದ ಅವರ ಲೆಕ್ಕದಂತೆ ಮುಕ್ಕಾಲು ಪಾಲು ಪ್ರವಾಹ ಚರ್ಮ ಮತ್ತು ಬುರುಡೆಯಲ್ಲೇ ಸೋರಿಹೋಗುತ್ತದೆ. ಉಳಿದದ್ದು ನರಕೋಶಗಳನ್ನು ಎಬ್ಬಿಸಲು ಸಾಲದು ಎಂಬುದು ಒಂದು ಪಕ್ಷ. ಎಬ್ಬಿಸುವುದೆಂದು ನಾವೆಲ್ಲಿ ಹೇಳಿದೆವು, ಆಗಲೇ ಎಚ್ಚರವಾಗಿರುವುದನ್ನು ತುಸು ವಾಲಿಸಿದರೆ ಸಾಕು ಎಂಬುದು ಇನ್ನೊಂದು ಪಕ್ಷ. ಆಲ್ದೀನಿ ನೆರೆದವರನ್ನು ಬೆರಗುಗೊಳಿಸಲು ಹೆಣವನ್ನು ಬಳಸಿದ. ಇವರು ಬೆರಗನ್ನು ಕಳೆಯಲು ಬಳಸಿದರು.

ಈ ವಾದವಿವಾದದಲ್ಲಿ ನನ್ನ ಮೆಚ್ಚುಗೆಗೆ ಪಾತ್ರವಾದವರು ಜೋಸೆಫ್ ಗಲಿಯಾ. ಅವರು ಮತ್ತು ಸಂಗಡಿಗರು ೨೦೧೧ರಲ್ಲಿ ಒಂದು ಅಂದವಾದ ಫಲವನ್ನು ಪ್ರಕಟಿಸಿದ್ದರು: ಕಿರುಮಿದುಳಿನ ಮೇಲೆ ಧನ ಪ್ರವಾಹ ಕೊಟ್ಟರೆ ಕೈ ಹೊಸ ಸನ್ನಿವೇಶಕ್ಕೆ ಬೇಗ ಒಗ್ಗಿಕೊಳ್ಳುತ್ತದೆ, ಚಲನಾ ಪ್ರದೇಶಕ್ಕೆ ಕೊಟ್ಟರೆ ಒಗ್ಗಿದ್ದು ಹೆಚ್ಚು ಕಾಲ ಉಳಿಯುತ್ತದೆ. ಕಲಿಯುವುದು ಒಂದು ಕಡೆ, ಉಳಿಸಿಕೊಳ್ಳುವುದು ಇನ್ನೊಂದು ಕಡೆ. ಇಷ್ಟು ಚೊಕ್ಕವಾದ ಫಲ ಪಠ್ಯಪುಸ್ತಕ ಸೇರಲು ತಡವಾಗುವುದಿಲ್ಲ. ಆದರೆ ೨೦೧೭ರಲ್ಲಿ ಅದೇ ಗಲಿಯಾ, ಬರ್ಮಿಂಗ್‌ಹ್ಯಾಮಿನಲ್ಲಿ, ಕಿರುಮಿದುಳಿನ ಪ್ರಯೋಗವನ್ನು ಬಗೆಬಗೆಯಾಗಿ ಮತ್ತೆ ಮಾಡಿಸಿ ನೋಡಿ, ಸ್ಥಿರವಾದ ಪರಿಣಾಮ ಕಾಣುತ್ತಿಲ್ಲವೆಂದು ತಮ್ಮ ಹೆಸರನ್ನೇ ಹಾಕಿ ಪ್ರಕಟಿಸಿದರು. ತನ್ನ ಪಾಠವನ್ನು ತಾನೇ ತಿದ್ದುವ ಸಂಪಾದಕರು ನಮ್ಮಲ್ಲೂ ಇದ್ದಾರೆ, ಆದರೆ ಎಣಿಕೆಗೆ ಒಂದು ಕೈಯ ಬೆರಳು ಸಾಕು.

ಆರೋಗ್ಯವಂತರ ಬೆರಳು ಇನ್ನಷ್ಟು ಚುರುಕಾದರೇನು, ಆಗದಿದ್ದರೇನು? ಈ ಮಾತಿನಲ್ಲಿ ನಿಜವಾಗಿ ಆಸೆಯಿಟ್ಟು ಕುಳಿತವರು ಬೇರೆ. ಪಾರ್ಶ್ವವಾಯು ಬಡಿದು, ಅನ್ನದ ತುತ್ತನ್ನು ಎತ್ತಲಾರದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತವರು ನಮ್ಮ ಎಷ್ಟು ಮನೆಗಳಲ್ಲಿಲ್ಲ? ಅವರು ಲೋಟ ಹಿಡಿಯುವುದನ್ನೂ ಗುಂಡಿ ಹಾಕಿಕೊಳ್ಳುವುದನ್ನೂ ಮಗುವಿನಂತೆ ಮತ್ತೆ ಮೊದಲಿನಿಂದ ಕಲಿಯಬೇಕು. ಕೈ ಎರಡನೆಯ ಸಲ ಪಳಗಬೇಕು. ೨೦೦೫ರಲ್ಲಿ ಫ್ರೀಡ್‌ಹೆಲ್ಮ್ ಹುಮ್ಮೆಲ್ ಮತ್ತು ಸಂಗಡಿಗರು ಇಂಥ ಕೆಲವೇ ರೋಗಿಗಳಲ್ಲಿ, ಒಂದು ಸಲದ ಪ್ರವಾಹದಿಂದ ಕೈಗೆಲಸ ತುಸು ಬೇಗವಾದುದನ್ನು ತೋರಿಸಿದ್ದರು. ೨೦೧೬ರಲ್ಲಿ ಆಕ್ಸ್‌ಫರ್ಡಿನ ವೈದ್ಯರು ೨೪ ರೋಗಿಗಳಿಗೆ ಒಂಬತ್ತು ದಿನ ಕೈಯ ವ್ಯಾಯಾಮ ಮಾಡಿಸಿದರು; ಅರ್ಧ ಜನಕ್ಕೆ ನಿಜವಾದ ಪ್ರವಾಹ, ಉಳಿದವರಿಗೆ ಹುಸಿ. ಎರಡು ಗುಂಪುಗಳೂ ಸುಧಾರಿಸಿದವು. ಪ್ರವಾಹ ಪಡೆದವರು ಕೆಲವು ಅಳತೆಗಳಲ್ಲಿ ಹೆಚ್ಚು ಸುಧಾರಿಸಿ, ಮೂರು ತಿಂಗಳ ಮೇಲೂ ಮುಂದಿದ್ದರು. ಆದರೆ ಇಂಥ ಪರೀಕ್ಷೆಗಳನ್ನೆಲ್ಲ ಒಟ್ಟು ಸೇರಿಸಿ ನಿಷ್ಠುರವಾಗಿ ತ್ರಾಸಿಗೆ ಹಾಕುವ ಕಾಕ್ರೇನ್ ವಿಮರ್ಶೆ, ದಿನದ ಕೆಲಸಗಳಲ್ಲಿ ಸ್ವಲ್ಪ ಲಾಭವಿರಬಹುದು, ತೋಳಿನ ಶಕ್ತಿಯಲ್ಲಿ ಮಾತ್ರ ಖಚಿತವಾದ ಲಾಭ ಕಾಣದು ಎಂದು ಬಿಗಿಹಿಡಿದೇ ಬರೆಯಿತು.

ನಮ್ಮ ಬೆಂಗಳೂರಿಗೂ ಈ ಕಥೆಯ ಎಳೆಯೊಂದು ಬಂದು ಸೇರುತ್ತದೆ. ೧೯೫೪ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಹಳೆಯ ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯೂ ೧೯೭೪ರಲ್ಲಿ ಒಂದಾಗಿ ಹುಟ್ಟಿದ ನಿಮ್ಹಾನ್ಸ್‌ನಲ್ಲಿ, ಸ್ಕಿಜೋಫ್ರೇನಿಯಾ ರೋಗಿಗಳ ಕಿವಿಗೆ ಬೀಳುವ ಇಲ್ಲದ ದನಿಗಳನ್ನು ತಗ್ಗಿಸಲು ಇದೇ ಕ್ಷೀಣ ಪ್ರವಾಹವನ್ನು ಪ್ರಯೋಗಿಸಿ ವೈದ್ಯರು ಪ್ರಬಂಧಗಳನ್ನು ಪ್ರಕಟಿಸಿದ್ದಾರೆ. ಮಾತ್ರೆಗಳಿಗೆ ಮಣಿಯದ ದನಿಗಳವು. ಅಲ್ಲಿ ಬಳಸುವ ಉಪಕರಣವೂ ಗ್ಯೋಟಿಂಗೆನ್ನಿನ ಜಾತಿಯದೇ: ಬ್ಯಾಟರಿಯ ಪೆಟ್ಟಿಗೆ, ಎರಡು ತಂತಿ, ಉಪ್ಪುನೀರಿನ ಎರಡು ಸ್ಪಂಜು. ಇಪ್ಪತ್ತು ನಿಮಿಷ ಕಳೆದ ಮೇಲೆ ಸ್ಪಂಜು ತೆಗೆದು ತಲೆಯನ್ನು ಬಟ್ಟೆಯಿಂದ ಒರೆಸುತ್ತಾರೆ. ರೋಗಿ ಎದ್ದು ಹೋಗುತ್ತಾನೆ, ಮರುದಿನ ಮತ್ತೆ ಬರುತ್ತಾನೆ.